ಮಾತು ಬಂದರೆ ಇಂಜಿನ್ ತಗ್ಗಬೇಕು

ನಮ್ಮ ಭಾವನಿಗೆ ಬೀದಿಯವರು ಇಟ್ಟ ಹೆಸರು ಸೈಲೆನ್ಸರ್. ಕಸುಬೂ ಅದೇ, ಸ್ವಭಾವವೂ ಅದೇ. ಹೆಸರಿಟ್ಟವರು ಹೆಚ್ಚೇನೂ ತಲೆ ಕೆಡಿಸಿಕೊಂಡಿರಲಿಕ್ಕಿಲ್ಲ. ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವರು ಗಾಡಿಗಳ ಹೊಗೆ ಪೈಪು ಬಗ್ಗಿಸಿ ಬೆಸೆಯುತ್ತಾರೆ, ತುಕ್ಕು ತಿಂದ ಸೈಲೆನ್ಸರ್ ಬಿಚ್ಚಿ ಹೊಸದು ಕೂರಿಸುತ್ತಾರೆ. ಬೆಳಿಗ್ಗೆ ಬೀದಿಯನ್ನೆಲ್ಲ ನಡುಗಿಸಿಕೊಂಡು ಬಂದ ಬೈಕು ಸಂಜೆ ತುಟಿ ಪಿಟಕ್ಕೆನ್ನದೆ ಹೊರಗೆ ಹೋಗುತ್ತದೆ. ಸದ್ದು ಜಾಸ್ತಿ ಮಾಡಿಕೊಡಿ ಎಂದು ಕೇಳಿಕೊಂಡು ಬರುವ ಶೋಕಿಲಾಲರೂ ಇದ್ದಾರೆ. ಭಾವ ಅವರಿಗೆ ಆಗುವುದಿಲ್ಲ ಅನ್ನುವುದಿಲ್ಲ, ಸುಮ್ಮನೆ ನೋಡುತ್ತ ನಿಲ್ಲುತ್ತಾರೆ. ಒಂದೆರಡು ಸಲ ಕೇಳುವಷ್ಟರಲ್ಲಿ ತಮ್ಮ ಮಾತು ತಮಗೇ ಪೆದ್ದಾಗಿ ಕೇಳಿಸಿ, ಅವರೇ ಗಾಡಿ ತಳ್ಳಿಕೊಂಡು ವಾಪಸು ಹೋಗುತ್ತಾರೆ.

ನಾನು ಅವರ ನಾದಿನಿ. ಮೇಲಿನ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದೇನೆ. ಕಿಟಕಿ ಅಂಗಳದ ಕಡೆಗಿದೆ, ಶೆಡ್ಡಿನ ಬಾಗಿಲು ಎದುರಿಗೇ ಕಾಣುತ್ತದೆ. ಕೆಳಗೆ ನಡೆದದ್ದೆಲ್ಲ ನನ್ನ ಕಣ್ಣಿಗೆ ಬೀಳುತ್ತದೆ. ಬೀಳದಿದ್ದರೆ ನಾನೇ ಕತ್ತು ಉದ್ದ ಮಾಡುತ್ತೇನೆ, ಅದರಲ್ಲಿ ಮುಚ್ಚಿಡುವುದೇನಿದೆ. ಭಾವನ ಪಾಲಿನ ಮಾತನ್ನೂ ಸೇರಿಸಿ ಆಡುವ ಗುತ್ತಿಗೆ ನನ್ನದು. ಕೋಪವೂ ಅಷ್ಟೇ, ಮನೆಗೆಲ್ಲ ಸಾಕಾಗುವಷ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ.

ಭಾವನ ಶೆಡ್ಡಿನಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ಬಾಗಿಲಿಗೆ ಬಂದು ಬಾಯಿ ತೆರೆದರೆ ಸಾಕು, ಇಂಜಿನ್ನಿನ ರೇಸ್ ಇಳಿಯುತ್ತದೆ. ಬಂದವರು ವಿಳಾಸ ಕೇಳಲು ಬಂದಿರಲಿ, ನೀರು ಕುಡಿಯಲು ಬಂದಿರಲಿ, ಭಾವನ ಕೈ ತಾನೇ ತಾನಾಗಿ ಕಾರ್ಬೊರೇಟರಿನ ಕಡ್ಡಿಗೆ ಹೋಗಿ ಇಂಜಿನ್ನನ್ನು ಗುರುಗುಟ್ಟುವಷ್ಟಕ್ಕೆ ತಂದು ನಿಲ್ಲಿಸುತ್ತದೆ. ಆಮೇಲೆ ಅವರು ಎದ್ದು, ಕೈ ಒರೆಸಿಕೊಂಡು, ಹತ್ತಿರ ಬಂದು, "ಹೇಳಿ" ಅನ್ನುತ್ತಾರೆ. ಅವರು ಕೆಲಸ ಕಲಿತ ಗ್ಯಾರೇಜಿನ ಮೇಸ್ತ್ರಿ ಓಡುವ ಇಂಜಿನ್ನಿನ ಮೇಲೇ ಅರಚಿ ಅರಚಿ ಕೆಲಸ ಹೇಳುತ್ತಿದ್ದನಂತೆ. ಕೇಳಿಸದೆ ತಪ್ಪು ಸ್ಪ್ಯಾನರ್ ಕೊಟ್ಟರೆ ಅದೇ ಸ್ಪ್ಯಾನರಿನಿಂದ ಗೆಣ್ಣಿನ ಮೇಲೆ ಬೀಳುತ್ತಿತ್ತು. ತನ್ನದೇ ಶೆಡ್ಡು ಆದ ಮೇಲೆ ಅಲ್ಲಿ ಯಾವ ಮನುಷ್ಯನೂ ಯಂತ್ರದ ಜೊತೆ ಗಂಟಲಿಗೆ ಗಂಟಲು ಕೊಡಬಾರದು ಎಂದು ಭಾವ ತೀರ್ಮಾನಿಸಿಬಿಟ್ಟರು. "ಮಾತು ಬಂದ್ರೆ ಇಂಜಿನ್ ತಗ್ಗಬೇಕು" ಎಂದು ಒಮ್ಮೆ ನನಗೆ ಹೇಳಿದ್ದರು. ಅವರ ಲೆಕ್ಕಕ್ಕೆ ಅದು ಭಾಷಣ.

ಆ ಪದ್ಧತಿಯೇ ಅಮ್ಮನನ್ನು ಗೆದ್ದದ್ದು. ಅಕ್ಕ ಈ ಮದುವೆ ಮಾತು ತಂದಾಗ ಅಮ್ಮ, "ಬಾಯೇ ಬಿಡದವನನ್ನ ಕಟ್ಕೊಂಡು ಗೋಡೆ ಜೊತೆ ಸಂಸಾರ ಮಾಡ್ತೀಯೇನೇ?" ಎಂದು ರಂಪ ಮಾಡಿದ್ದಳು. ಮದುವೆಯಾಯಿತು, ಭಾವ ನಮ್ಮ ಮನೆಗೇ ಬಂದರು, ಅಮ್ಮನ ಮುಖ ಮಾತ್ರ ಬಹಳ ಕಾಲ ಊದಿಕೊಂಡೇ ಇತ್ತು. ಆಮೇಲೆ ಅವಳಿಗೆ ಕಿವಿ ಮಂದವಾಗುತ್ತ ಬಂತು. ಅಕ್ಕ, ನಾನು, ತರಕಾರಿಯವಳು, ಎಲ್ಲರೂ ಅವಳ ಹತ್ತಿರ ಕಿರುಚತೊಡಗಿದೆವು. ಕಿರುಚುವಾಗ ಯಾರ ಮುಖವೂ ಪ್ರೀತಿಯಿಂದಿರುವುದಿಲ್ಲ, ಅದು ಅವಳಿಗೆ ಕಾಣುತ್ತಿತ್ತು. ಭಾವ ಮಾತ್ರ ದನಿ ಏರಿಸಲಿಲ್ಲ. ಅವಳು ಮೆಟ್ಟಿಲಿಳಿದು ಶೆಡ್ಡಿನ ಬಾಗಿಲಿಗೆ ಬಂದರೆ ರೇಸ್ ಇಳಿಸಿ, ಅವಳ ಬಲಗಿವಿಯ ಕಡೆಗೆ ಬಗ್ಗಿ, ಮೆಲ್ಲಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಅವಳಿಗೆ ಒಂದೊಂದಕ್ಷರವೂ ಕೇಳಿಸುತ್ತಿತ್ತು. ಬರಬರುತ್ತ ಅಮ್ಮ ದಿನಕ್ಕೆ ನಾಕಾರು ಸಲ ಏನಾದರೊಂದು ನೆಪ ತೆಗೆದು ಕೆಳಗಿಳಿಯುವುದು ರೂಢಿಯಾಯಿತು. ಟೀ ಬೇಕಾ, ಬಿಸಿಲು ಜಾಸ್ತಿಯಾಯಿತಲ್ಲವಾ, ಚಿಕ್ಕವಳು ನನ್ನ ಮೇಲೆ ರೇಗಾಡಿದಳು, ಹೀಗೆ. ಚಿಕ್ಕವಳು ಅಂದರೆ ನಾನು.

ಇನ್ನು ಅಕ್ಕನ ವಿಷಯ. ಅಕ್ಕ ಶಾಲೆ ವ್ಯಾನು ಓಡಿಸುತ್ತಾಳೆ. ನಮ್ಮ ಸುತ್ತಿನ ಮಕ್ಕಳನ್ನೆಲ್ಲ ತುಂಬಿಕೊಂಡು ಹೋಗಿ ಬಿಟ್ಟು, ಮಧ್ಯಾಹ್ನ ಮತ್ತೆ ತುಂಬಿಕೊಂಡು ಬರುತ್ತಾಳೆ. ವ್ಯಾನು ನನ್ನ ವಯಸ್ಸಿನದು, ಆ ಕಂಪನಿ ಅಂಥ ವ್ಯಾನು ಮಾಡುವುದನ್ನು ಬಿಟ್ಟು ಯುಗವಾಯಿತು. ಆದರೂ ಸ್ಟೀರಿಂಗ್ ಹಿಡಿದು ಕೂತರೆ ಅಕ್ಕನ ಬೆನ್ನು ನೆಟ್ಟಗಾಗುತ್ತದೆ. ಮನೆಯಲ್ಲಿ ಪಾತ್ರೆ ಕುಕ್ಕುವ ಹೆಂಗಸೇ ಬೇರೆ, ವ್ಯಾನಿನಲ್ಲಿ ಮೂವತ್ತು ಬಾಯಿಗಳನ್ನು ಒಂದು ನೋಟದಲ್ಲಿ ಮುಚ್ಚಿಸುವ ಹೆಂಗಸೇ ಬೇರೆ.

ಆ ವರ್ಷ ರಜೆ ಶುರುವಾಗುವ ಹೊತ್ತಿಗೆ ವ್ಯಾನಿನ ಇಂಜಿನ್ ಸೋತುಹೋಗಿತ್ತು. ಏರು ಬಂದರೆ ಏದುಸಿರು, ಒಳಗೆ ಟಕಟಕ ಸದ್ದು. ಕ್ಯಾಮ್‌ಶಾಫ್ಟ್ ಸವೆದಿದೆ, ಹೊಸದು ಹಾಕಬೇಕು ಎಂದರು ಭಾವ. ಶಾಲೆಯವರೂ ಅದೇ ಸಮಯ ನೋಡಿ, ಶಾಲೆ ತೆರೆಯುವ ದಿನ ವ್ಯಾನು ಸರಿಯಾಗಿ ಬಾಗಿಲಲ್ಲಿ ನಿಂತಿರಬೇಕು, ಇಲ್ಲದಿದ್ದರೆ ಆ ದಾರಿಯನ್ನು ಬಸ್ಸಿನವರಿಗೆ ಕೊಟ್ಟುಬಿಡುತ್ತೇವೆ ಎಂದರು. ಅಕ್ಕ ಭಾವನ ಮುಂದೆ ನಿಂತು, "ರೀ, ಇದೊಂದು ನನಗೆ ಮಾಡ್ಕೊಡಿ" ಎಂದಳು. ಭಾವ ತಲೆಯಾಡಿಸಿದರು.

ಅವರು ಆ ಇಂಜಿನ್ನಿಗೆ ಮಾಡಿದ ಸೇವೆಯನ್ನು ನಾನು ಕಿಟಕಿಯಿಂದಲೇ ನೋಡಿದ್ದೇನೆ. ಬಿಚ್ಚಿದ್ದನ್ನೆಲ್ಲ ತೊಳೆದು, ಬಟ್ಟೆ ಹಾಸಿ ಸಾಲಾಗಿ ಜೋಡಿಸಿದರು. ಹೊಸ ಶಾಫ್ಟಿಗೆ ಕರ್ರಗಿನ ಅಂಟು ಗ್ರೀಸನ್ನು ಬೆರಳಿನಿಂದ ಸವರಿ ಸವರಿ ಒಳಗೆ ತೂರಿಸಿದರು. ಎದುರಿಗೆ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ ಇದೆ. ಅವರಿಗೆ ತೊಂದರೆಯಾಗಬಾರದೆಂದು ಸೈಲೆನ್ಸರಿನೊಳಗೆ ಹತ್ತಿಯಂಥ ನಾರನ್ನು ಬೇಕಾದ್ದಕ್ಕಿಂತ ಹೆಚ್ಚು ತುರುಕಿದರು. ಮೊದಲ ಸಲ ಇಂಜಿನ್ ಹಚ್ಚುವ ದಿನ ಅಕ್ಕ ಏನೋ ಕೆಲಸಕ್ಕೆಂದು ಶಾಲೆಯ ಆಫೀಸಿಗೆ ಹೋಗಿದ್ದಳು. ಶೆಡ್ಡಿನಲ್ಲಿ ಭಾವ ಒಬ್ಬರೇ.

ಇಂಜಿನ್ ಹತ್ತಿಕೊಂಡಿತು. ಭಾವ ರೇಸ್ ಕೊಟ್ಟು ಹಾಗೇ ಹಿಡಿದು ನಿಂತರು. ಸದ್ದು ಅಷ್ಟೇನೂ ಇರಲಿಲ್ಲ, ಆದರೆ ಹೊಗೆ ಪೈಪು ಬಿಸಿಗೆ ಮಂದ ಕೆಂಪಾಗುತ್ತ ಬಂದದ್ದು ನನಗೆ ಮೇಲಿನಿಂದಲೇ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಅಮ್ಮ ಮೆಟ್ಟಿಲಿಳಿದು ಹೋದಳು. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ಅದನ್ನು ಹೇಳುವುದಕ್ಕೆ. ಅವಳು ಬಾಗಿಲಲ್ಲಿ ನಿಂತು ಬಾಯಿ ತೆರೆದದ್ದೇ ತಡ, ಭಾವನ ಕೈ ರೇಸ್ ಇಳಿಸಿತು. ಇಂಜಿನ್ ಗುರುಗುರು ಅನ್ನತೊಡಗಿತು. ಅಮ್ಮ ನಲ್ಲಿಯ ವಿಷಯ ಹೇಳಿದಳು. ನಲ್ಲಿಯಿಂದ ನೀರಿಗೆ, ನೀರಿನಿಂದ ನನಗೆ, ನನ್ನಿಂದ ನನ್ನ ಹೊಲಿಗೆಗೆ ಬಂದಳು. ಭಾವ ಒಂದು ಸಲ ಇಂಜಿನ್ ಕಡೆ ನೋಡಿದರು, ಒಂದು ಸಲ ಅಮ್ಮನ ಕಡೆ. ತಾಳಿ ಅತ್ತೆ ಅನ್ನಲು ಆ ಮನುಷ್ಯನಿಗೆ ಬಾಯಿ ಬರಲಿಲ್ಲ. ಅವಳ ಮಾತು ಮುಗಿಯುವವರೆಗೆ ಬಗ್ಗಿ ನಿಂತು ಕೇಳಿ, "ಆಮೇಲೆ ಬಂದು ನೋಡ್ತೀನಿ ಅತ್ತೆ" ಎಂದು ಹೇಳಿ ಕಳಿಸಿ, ಮತ್ತೆ ರೇಸ್ ಕೊಟ್ಟರು. ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ದಿನವೂ ನಡೆಯುವುದೇ ಅದು.

ಆ ವಾರ ಕಳೆಯುವುದರೊಳಗೆ ವ್ಯಾನು ಮತ್ತೆ ಟಕಟಕ ಅನ್ನಲು ಶುರುಮಾಡಿತು. ಬಿಚ್ಚಿ ನೋಡಿದರೆ ಎಣ್ಣೆಯಲ್ಲಿ ಜರಿಯ ಪುಡಿಯಂತೆ ಲೋಹ ಮಿನುಗುತ್ತಿತ್ತು. ಹೊಸ ಶಾಫ್ಟು ಹಾಳಾಗಿತ್ತು.

ಭಾವ ಅದನ್ನು ಕಬ್ಬಿಣ ಕಡೆಯುವ ಲೇತ್‌ನವರ ಹತ್ತಿರ ಒಯ್ದರು. ಲೇತ್‌ನವರು ಭಾವನ ಹಳೆಯ ಸ್ನೇಹಿತ. ಜನ್ಮವೆಲ್ಲ ಯಂತ್ರದ ಮುಂದೆ ನಿಂತು ನಿಂತು ಅವರಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿದೆ. ಗುಟ್ಟು ಹೇಳಿದರೂ ಆಚೆ ಬೀದಿಗೆ ಕೇಳಬೇಕು. ಸಂಜೆ ಅವರೇ ಶಾಫ್ಟು ಹಿಡಿದುಕೊಂಡು ಮೇಲಿನ ಮನೆಗೆ ಬಂದರು. ಅಕ್ಕ, ಭಾವ, ನಾನು ಸುತ್ತ ಕೂತೆವು. ಅಮ್ಮ ಮೂಲೆಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು.

"ನೋಡಮ್ಮಾ, ಈ ಉಬ್ಬುಗಳಿದಾವಲ್ಲ," ಎಂದು ಅವರು ಅಕ್ಕನಿಗೆ ತೋರಿಸಿದರು, "ಶಾಫ್ಟ್ ತಿರುಗಿದ ಹಾಗೆಲ್ಲ ಇವು ಟ್ಯಾಪೆಟ್ ಎತ್ತುತ್ವೆ, ವಾಲ್ವ್ ತೆಗೀತದೆ. ಒಂದರಲ್ಲಿ ಪೆಟ್ರೋಲ್ ಒಳಗೆ, ಒಂದರಲ್ಲಿ ಹೊಗೆ ಹೊರಗೆ. ಉಬ್ಬು ಮೊಟ್ಟೆ ಥರ ಇರ್ಬೇಕು. ಇದು ನೋಡು, ಬೋಳು ತಲೆ ಆಗಿದೆ!"

"ಹೊಸದಲ್ವಾ ಇದು?" ಎಂದಳು ಅಕ್ಕ.

"ಹೊಸದಾಗಿದ್ದಕ್ಕೇ ಹೀಗಾಯ್ತು. ಹೊಸ ಶಾಫ್ಟು, ಹೊಸ ಟ್ಯಾಪೆಟ್ಟು ಅಂದ್ರೆ ಒಂದೇ ಮನೆಗೆ ಹೊಸದಾಗಿ ಬಂದ ಓರಗಿತ್ತೀರು ಇದ್ದ ಹಾಗೆ. ಒಂದಕ್ಕೊಂದು ಉಜ್ಜಿ ಉಜ್ಜಿ ಹೊಂದ್ಕೋಬೇಕು. ಹೊಂದ್ಕೊಳ್ಳೋವರೆಗೂ ನಡುವೆ ಎಣ್ಣೆ ಇರ್ಲೇಬೇಕು. ಆ ಎಣ್ಣೆ ಕೆಳಗಿನಿಂದ ಎರಚಿ ಬರೋದು ಇಂಜಿನ್ ಜೋರಾಗಿ ತಿರುಗಿದ್ರೆ ಮಾತ್ರ. ಅದಕ್ಕೇ ಹತ್ತಿದ ತಕ್ಷಣ ರೇಸ್ ಕೊಟ್ಟು, ಇಪ್ಪತ್ತು ನಿಮಿಷ ಇಳಿಸದೆ ಓಡಿಸ್ಬೇಕು. ಏನಾದ್ರೂ ತೊಂದ್ರೆ ಬಂದ್ರೆ ಪೂರ್ತಿ ಆಫ್ ಮಾಡು. ಸ್ಲೋನಲ್ಲಿ ಮಾತ್ರ ಬಿಡಬೇಡ!" ಅವರು ಭಾವನ ಕಡೆ ತಿರುಗಿದರು. "ನಿಮಗೆ ಗೊತ್ತಿಲ್ದೇ ಇರೋದಾ ಮೇಸ್ತ್ರಿ? ನಡುವೆ ಸ್ಲೋ ಬಿಟ್ರಾ?"

"ಹೂಂ," ಎಂದರು ಭಾವ.

"ಯಾಕೆ?"

ಭಾವ ನೆಲ ನೋಡಿದರು. "ನನ್ನ ಕೈ ತಪ್ಪು" ಎಂದರು.

ನಾನು ಅಮ್ಮನ ಕಡೆ ನೋಡಿದೆ. ಅವಳು ತಲೆ ಎತ್ತದೆ ಬಟಾಣಿ ಸುಲಿಯುತ್ತಲೇ ಇದ್ದಳು. ಸದ್ಯ, ಕೇಳಿಸಿಲ್ಲ ಅಂದುಕೊಂಡೆ. ಲೇತ್‌ನವರ ಗಂಟಲು ಎಂಥದ್ದು ಎನ್ನುವುದು ಆ ಕ್ಷಣ ನನ್ನ ತಲೆಗೆ ಹೊಳೆಯಲೇ ಇಲ್ಲ.

ಹೋಗುವ ಮೊದಲು ಲೇತ್‌ನವರು ಇನ್ನೂ ಎರಡು ಮಾತು ಹೇಳಿದರು. ಹುಡುಕಿಸಿ ನೋಡುತ್ತೇನೆ, ಗುಜರಿಯವನ ಹತ್ತಿರ ಪೆಟ್ಟಿಗೆ ಒಡೆಯದ ಶಾಫ್ಟು ಒಂದಿದ್ದ ನೆನಪು; ಅದೂ ಹೋದರೆ ಈ ವ್ಯಾನನ್ನು ಮಕ್ಕಳು ಹತ್ತಿ ಆಡಲು ಎಲ್ಲಾದರೂ ನಿಲ್ಲಿಸಬೇಕಷ್ಟೆ. ಎರಡನೆಯದು ಪೈಪಿನ ಬಗ್ಗೆ. "ಸದ್ದಿಗೆ ಹೆದರಿ ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿದ ಹಾಗೆ ಮಾಡಿದ್ದೀರಿ. ಹೊಗೆಗೆ ಹೋಗೋಕೆ ದಾರಿ ಬೇಡ್ವಾ? ಒಳಗೇ ಬೆಂದುಹೋಗ್ತದೆ ಇಂಜಿನ್ನು. ಈ ಸಲ ಅಗಲ ಪೈಪ್ ಹಾಕಿ, ಬಿಚ್ಚಿ ಓಡ್ಸಿ. ಬೀದಿಗೆ ಒಂದು ದಿನ ಕಿವಿನೋವು ಬಂದ್ರೆ ಯಾರೂ ಸಾಯಲ್ಲ."

ಅಂದಿನಿಂದ ಅಕ್ಕ ಭಾವನ ಹತ್ತಿರ ಮಾತು ಬಿಟ್ಟಳು. ಊಟದ ಮುಂದೆ ಕೂತು, "ನಿನ್ನ ಭಾವನಿಗೆ ಉಪ್ಪು ಬೇಕಾ ಕೇಳು" ಎಂದು ನನ್ನನ್ನು ಕೇಳುವುದು. ಭಾವ ಪಕ್ಕದಲ್ಲೇ ಇದ್ದು, "ಸಾಕು ಅಂತ ಹೇಳು" ಎಂದು ನನಗೇ ಹೇಳುವುದು. ನಡುವೆ ಕೂತ ನನಗೆ ಅನ್ನ ತಣ್ಣಗಾಗುತ್ತಿತ್ತು. ಅಕ್ಕನ ಸಿಟ್ಟು ನನಗೆ ಅರ್ಥವಾಗದೆ ಇರಲಿಲ್ಲ. ಜಗತ್ತಿಗೆಲ್ಲ ಹದವಾಗಿ ಕೆಲಸ ಮಾಡಿಕೊಡುವ ಗಂಡ ತನ್ನದೊಂದಕ್ಕೆ ಕೈತಪ್ಪಿದ ಅಂದರೆ ಯಾರಿಗೆ ಉರಿಯುವುದಿಲ್ಲ. ಒಂದು ದಿನ ತಡೆಯಲಾರದೆ ನಾನು ಶೆಡ್ಡಿಗೆ ಹೋಗಿ, "ನಿಜ ಹೇಳಿಬಿಡಿ ಭಾವ, ಅಮ್ಮ ಬಂದಿದ್ದಕ್ಕೆ ಇಳಿಸಿದೆ ಅಂತ. ಅಕ್ಕನ ಕೋಪ ಇಳೀತದೆ" ಎಂದೆ.

"ಕೈ ನಂದು" ಎಂದರು ಭಾವ. ಆ ಕೈಯನ್ನೇ ಒರೆಸಿಕೊಳ್ಳುತ್ತ, "ಅತ್ತೆಗೆ ಗೊತ್ತಾದ್ರೆ ಮತ್ತೆ ಕೆಳಗೆ ಬರಲ್ಲ" ಎಂದರು.

ಆದರೆ ಅಮ್ಮ ಆಗಲೇ ಬರುವುದನ್ನು ನಿಲ್ಲಿಸಿದ್ದಳು. ಟೀ ಕೊಡಲು ನನ್ನನ್ನು ಕಳಿಸುತ್ತಿದ್ದಳು. ಮಂಡಿನೋವು ಅನ್ನುತ್ತಿದ್ದಳು, ಆದರೆ ಟೆರೇಸಿಗೆ ಬಟ್ಟೆ ಒಣಹಾಕಲು ಹತ್ತುವಾಗ ಮಂಡಿಗೆ ಏನೂ ಆಗುತ್ತಿರಲಿಲ್ಲ. ಭಾವ ಎರಡು ಸಲ ನನ್ನನ್ನು ಕೇಳಿದರು, "ಅತ್ತೆಗೆ ಹುಷಾರಿಲ್ವಾ?" ಎಂದು. ಇಂಜಿನ್ ಓಡಿಸುವಾಗಲೂ ಅವರ ಕಣ್ಣು ಬಾಗಿಲಿಗೇ ಹೋಗುತ್ತಿತ್ತು. ಅಡುಗೆಮನೆಯಲ್ಲಿ ನಲ್ಲಿ ಟಪ್ ಟಪ್ ಎಂದು ತೊಟ್ಟಿಕ್ಕುತ್ತಲೇ ಇತ್ತು. ನಾನು ರೇಗಿ, "ಭಾವನಿಗೆ ಒಂದು ಮಾತು ಹೇಳಬಾರದಾ?" ಎಂದು ಕಿರುಚಿದೆ. ಅಮ್ಮ ನಲ್ಲಿ ಕೆಳಗೆ ಪಾತ್ರೆ ಇಟ್ಟು, "ಇರ್ಲಿ ಬಿಡೇ. ಅವರಿಗೆ ನೂರೆಂಟು ಕೆಲಸ" ಎಂದಳು. ನಾನು ಒಂದು ಚಿಂದಿ ತಂದು ನಲ್ಲಿಯ ಬಾಯಿಗೆ ಸುತ್ತಿದೆ. ನನಗೂ ಅಮ್ಮನ ಮಾತು ಸರಿಯೆನ್ನಿಸಿತು. ಭಾವ ಊಟ ಮುಗಿಸಿದ ಕೂಡಲೇ ಮತ್ತೆ ಶೆಡ್ಡಿಗೆ ಇಳಿಯುತ್ತಿದ್ದರು.

ಗುಜರಿಯವನ ಹತ್ತಿರ ಶಾಫ್ಟು ಸಿಕ್ಕಿತು. ಕಾಗದದ ಪೆಟ್ಟಿಗೆಯೊಳಗೆ ಎಣ್ಣೆ ಬಟ್ಟೆ ಸುತ್ತಿಕೊಂಡು ಮಲಗಿತ್ತು. ಶಾಲೆ ತೆರೆಯುವ ದಿನ ಎದುರಿಗೇ ಬಂದು ನಿಂತಿತ್ತು. ಭಾವ ಮತ್ತೆ ಎಲ್ಲ ಬಿಚ್ಚಿದರು, ತೊಳೆದರು, ಗ್ರೀಸ್ ಸವರಿದರು. ಈ ಸಲ ಇಂಜಿನ್ನಿನಿಂದ ಹೊರಡುವ ಪೈಪನ್ನು ಅಗಲವಾಗಿ ಹೊಸದಾಗಿ ಕಟ್ಟಿದರು. ತೀರಾ ಅಗಲವಾದರೆ ವ್ಯಾನು ನಿಧಾನ ಹೋಗುವಾಗ ಎಳೆತ ಕಳೆದುಕೊಳ್ಳುತ್ತದೆ, ಕಿರಿದಾದರೆ ಉಸಿರು ಕಟ್ಟುತ್ತದೆ ಎಂದು ಹಳೆಯ ಪೈಪನ್ನು ಪಕ್ಕಕ್ಕಿಟ್ಟುಕೊಂಡು ಬೆರಳು ತೂರಿಸಿ ತೂರಿಸಿ ಅಂದಾಜು ಮಾಡುತ್ತಿದ್ದರು. ಸೈಲೆನ್ಸರಿನಲ್ಲಿ ತುರುಕಿದ ನಾರನ್ನೆಲ್ಲ ಕಿತ್ತೆಸೆದರು. ಅಂದರೆ ಸದ್ದು ಬರುವುದು ಖಂಡಿತ. ಅಂದರೆ ಎದುರಿನ ಡಾಕ್ಟರಮ್ಮನನ್ನು ಕೇಳಬೇಕು.

ಭಾವ ಕ್ಲಿನಿಕ್ಕಿಗೆ ಹೋಗಿ ಬಾಗಿಲಲ್ಲಿ ನಿಂತರು. ಡಾಕ್ಟರಮ್ಮ, "ಬನ್ನಿ, ಯಾವ ಹಲ್ಲು?" ಎಂದರು. ಭಾವ ಸುಮ್ಮನೆ ನಿಂತೇ ಇದ್ದರು. ಇನ್ನೇನು ಅವರನ್ನು ಕುರ್ಚಿಯಲ್ಲಿ ಕೂರಿಸಿ ಬಾಯಿ ತೆರೆಸುತ್ತಿದ್ದರೋ ಏನೋ, ಅಷ್ಟರಲ್ಲಿ ನಾನು ಹಿಂದಿನಿಂದ ಹೋಗಿ ವಿಷಯ ಹೇಳಿದೆ. "ನಾಳೆ ಬೆಳಿಗ್ಗೆ ಇವರು ಜೋರಾಗಿ ಸದ್ದು ಮಾಡ್ತಾರಂತೆ ಡಾಕ್ಟ್ರೇ, ನಿಮ್ಮ ಒಪ್ಪಿಗೆ ಬೇಕಂತೆ."

ಡಾಕ್ಟರಮ್ಮ ಭಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇವರಾ? ಸದ್ದಾ? ನಾಳೆ ಬೆಳಿಗ್ಗೆ ಯಾರಿಗೂ ಬರೋಕೆ ಹೇಳಲ್ಲ. ಇಲ್ಲಾಂದ್ರೆ ನನ್ನ ಯಂತ್ರದ ಸದ್ದು ಅಂದ್ಕೊಂಡು ಕಾಲಿಗೆ ಬುದ್ಧಿ ಹೇಳ್ತಾರೆ. ನೀವು ಮಾಡಿ, ನಾನೂ ಒಂದ್ಸಲ ಕೇಳ್ತೀನಿ" ಎಂದರು. ಭಾವನ ಕಿವಿಯವರೆಗೂ ಕೆಂಪಾಯಿತು.

ಮರುದಿನ ಕೆಲಸ ಹಂಚಿಕೊಂಡೆವು. ಅಕ್ಕ ಡ್ರೈವರ್ ಸೀಟಿನಲ್ಲಿ ಕೂತು ನೀರಿನ ಬಿಸಿಯ ಮುಳ್ಳು, ಎಣ್ಣೆ ಕಡಿಮೆಯಾದರೆ ಹತ್ತುವ ದೀಪ ನೋಡಬೇಕು. ಭಾವ ಇಂಜಿನ್ ಹತ್ತಿರ ನಿಂತು ರೇಸ್ ಹಿಡಿಯಬೇಕು. ನಾನು ಬಾಗಿಲು ಕಾಯಬೇಕು, ಯಾರು ಬಂದರೂ ಒಳಗೆ ಬಿಡಬಾರದು. ಯಾರು ಬಂದರೂ ಅಂದರೆ ಯಾರು ಎಂಬುದನ್ನು ಭಾವ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಕ್ಕ ನನಗೆ, "ಕೈ ತಪ್ಪಬಾರದು ಅಂತ ನಿನ್ನ ಭಾವನಿಗೆ ಹೇಳು" ಎಂದಳು. ನಾನು ಹೇಳಲಿಲ್ಲ. ಭಾವನಿಗೆ ಕೇಳಿಸಿತ್ತು.

ಸೆಲ್ಫ್ ಹೊಡೆದ ಕೂಡಲೇ ಇಂಜಿನ್ ಹತ್ತಿತು. ಭಾವ ರೇಸ್ ಕೊಟ್ಟರು. ಅಬ್ಬಾ, ಆ ಸದ್ದು! ಶೆಡ್ಡಿನ ತಗಡೆಲ್ಲ ಝಣಝಣ ಎಂದಿತು. ಎದುರು ಕಿಟಕಿಯಲ್ಲಿ ಡಾಕ್ಟರಮ್ಮ ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು ನಗುತ್ತ ನಿಂತಿದ್ದರು. ಭಾವನ ಎಡಗೈ ಕಾರ್ಬೊರೇಟರಿನ ಕಡ್ಡಿಯ ಮೇಲೆ, ಬಲಗೈ ಗಾಳಿಯಲ್ಲಿ, ಕಣ್ಣು ಅರೆಮುಚ್ಚಿ ಕೇಳುತ್ತಿದ್ದರು. ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಆ ಸದ್ದಿನೊಳಗಿಂದ ಸಣ್ಣದಾಗಿ ಶುರುವಾಯಿತು: ಟಿಕ್, ಟಿಕ್, ಟಿಕ್.

ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಅವಳ ಮುಖ ಬಿಳಿಚಿಕೊಂಡಿತ್ತು. "ಅದೇ ಸದ್ದು! ಶುರುವಾಯ್ತು! ಅದೇ!" ಎಂದು ಕೂಗಿದಳು.

ಭಾವನ ಜಾಗದಲ್ಲಿ ಯಾರಿದ್ದರೂ ರೇಸ್ ಇಳಿಸಿ ಕಿವಿಗೊಡುತ್ತಿದ್ದರು. ಭಾವ ಜೀವಮಾನವಿಡೀ ಮಾಡಿದ್ದೂ ಅದನ್ನೇ. ಅವರ ಎಡಗೈಯ ನರ ಉಬ್ಬಿದ್ದು ನನಗೆ ಕಂಡಿತು. ಕೈ ಅಲುಗಲಿಲ್ಲ. ಬಲಗೈಯಲ್ಲಿ ನನ್ನನ್ನು ಕರೆದು, ನನ್ನ ಹೆಗಲ ಮೇಲಿದ್ದ ಅಸ್ತರಿನ ಚೂರು ತೋರಿಸಿದರು. ನಾನು ಬಾಗಿಲು ಬಿಟ್ಟು ಓಡಿ ಹೋಗಿ ಕೊಟ್ಟೆ. ಅವರು ಒಂದು ತಂತಿಯ ತುದಿಗೆ ಅದನ್ನು ಸಿಕ್ಕಿಸಿ, ಹೊಸ ಪೈಪು ಇಂಜಿನ್ನಿಗೆ ಸೇರುವ ಕಡೆ ಮೆಲ್ಲಗೆ ಹಿಡಿದರು. ಒಂದು ಜಾಗದಲ್ಲಿ ಬಟ್ಟೆ ಪಟಪಟ ಕುಣಿಯಿತು. ಟಿಕ್ ಅಂದಾಗೆಲ್ಲ ಒಂದು ಕುಣಿತ. ಸದ್ದು ಶಾಫ್ಟಿನದಲ್ಲ, ಪೈಪಿನ ಸಂದಿನಿಂದ ಹೊಗೆ ಚಿಮ್ಮುತ್ತಿದ್ದದ್ದು. ಭಾವ ಅಕ್ಕನಿಗೆ ಬಟ್ಟೆ ತೋರಿಸಿ ತಲೆಯಾಡಿಸಿದರು. ಎಷ್ಟೋ ದಿನಗಳ ನಂತರ ಅವರಿಬ್ಬರೂ ನನ್ನನ್ನು ಬಿಟ್ಟು ನೇರವಾಗಿ ಮಾತಾಡಿದ್ದು ಅದೇ ಮೊದಲು, ಅದೂ ಬಾಯಿಲ್ಲದೆ.

ನಾನು ಖುಷಿಯಿಂದ ಹಿಂದೆ ತಿರುಗಿದರೆ ಬಾಗಿಲಲ್ಲಿ ಅಮ್ಮ ನಿಂತಿದ್ದಳು.

ಅಮ್ಮನ ಬಾಯಿ ತೆರೆದಿತ್ತು, ಏನೋ ಹೇಳುತ್ತಿದ್ದಳು. ಭಾವ ಅವಳನ್ನು ನೋಡಿದರು. ನೋಡಿದ್ದೇ ತಡ, ಅವರ ಮುಖದಲ್ಲಿ ಏನು ಬೆಳಗಿತೋ, ಎಷ್ಟು ದಿನದಿಂದ ಆ ಬಾಗಿಲು ನೋಡುತ್ತಿದ್ದರೋ, ಅವರ ಎಡಗೈ ಅವರನ್ನು ಕೇಳದೆಯೇ ಸಡಿಲವಾಯಿತು. ರೇಸ್ ಒಂದು ಎಳೆ ಇಳಿಯಿತು. ನಾನು "ಭಾವಾ!" ಎಂದು ಕಿರುಚಿದೆ, ನನಗೇ ಕೇಳಿಸಲಿಲ್ಲ. ಅಕ್ಕ ಬಾಗಿಲು ತೆಗೆದು ಅರ್ಧ ಇಳಿದಿದ್ದಳು.

ಅಮ್ಮ ನಮ್ಮೆಲ್ಲರಿಗಿಂತ ಮೊದಲು ತಲುಪಿದಳು. ಮಂಡಿನೋವಿನ ಹೆಂಗಸು ಅಷ್ಟು ಬೇಗ ನಡೆದದ್ದನ್ನು ನಾನು ನೋಡಿಯೇ ಇಲ್ಲ. ಬಂದವಳೇ ತನ್ನ ಕೈಯನ್ನು ಭಾವನ ಕೈಯ ಮೇಲಿಟ್ಟು, ಕಡ್ಡಿಯನ್ನು ಅವರ ಬೆರಳುಗಳ ಸಮೇತ ಒತ್ತಿ ಹಿಡಿದಳು. ರೇಸ್ ಮತ್ತೆ ಏರಿತು. ಅವಳು ಭಾವನ ಕಿವಿಯ ಹತ್ತಿರ ಬಾಯಿ ತಂದು ಕೂಗಿದಳು. ಆ ಗಲಾಟೆಯಲ್ಲೂ ನನಗೆ ಕೇಳಿಸಿತು.

"ಇಳಿಸಬೇಡಿ! ನಾನು ಕಾಯ್ತೀನಿ!"

ಆಗ ನನಗೆ ಗೊತ್ತಾಯಿತು, ಅವಳಿಗೆ ಅವತ್ತೇ ಎಲ್ಲ ಕೇಳಿಸಿತ್ತು ಎಂದು. ಬಟಾಣಿ ಸುಲಿಯುತ್ತ, ಅಳಿಯ ತನ್ನ ಹೆಸರೆತ್ತದೆ ತಪ್ಪು ಮೈಮೇಲೆ ಹಾಕಿಕೊಂಡದ್ದನ್ನು ಅರ್ಥಮಾಡಿಕೊಳ್ಳುತ್ತ, ಅವಳು ತಲೆ ಎತ್ತದೆ ಕೂತಿದ್ದಳು. ಭಾವನಿಗೂ ಗೊತ್ತಾಯಿತು. ಅವರ ಕಣ್ಣು ತುಂಬಿತು. ಒರೆಸಿಕೊಳ್ಳಲು ಬಲಗೈ ಎತ್ತಿದರೆ ಅದರಲ್ಲಿ ಗ್ರೀಸು, ಹಾಗೇ ಬಿಟ್ಟರು. ಅಕ್ಕ ಸೀಟಿನ ಮೆಟ್ಟಿಲಲ್ಲಿ ನಿಂತು ಆ ಎರಡು ಕೈಗಳನ್ನು ನೋಡುತ್ತಿದ್ದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಮೆಲ್ಲಗೆ ವಾಪಸು ಹೋಗಿ ಕೂತು ಮುಳ್ಳು ನೋಡತೊಡಗಿದಳು, ಆದರೆ ಅವಳಿಗೆ ಮುಳ್ಳು ಸರಿಯಾಗಿ ಕಾಣುತ್ತಿತ್ತೆಂದು ನಾನು ನಂಬುವುದಿಲ್ಲ.

ಪೈಪು ಚೆನ್ನಾಗಿ ಕಾದು ಹಿಗ್ಗಿದಂತೆ ಸಂದು ಮುಚ್ಚಿಕೊಂಡು ಟಿಕ್ ಸದ್ದು ಸಣ್ಣದಾಗುತ್ತ ಬಂದು ನಿಂತುಹೋಯಿತು. ಅಸ್ತರಿನ ಚೂರು ತಂತಿಯ ತುದಿಯಲ್ಲಿ ಸುಮ್ಮನೆ ಜೋತುಬಿತ್ತು. ಅಮ್ಮ ಕೈ ತೆಗೆಯಲಿಲ್ಲ. ಬೆವರಿಳಿಯುತ್ತಿತ್ತು, ಹೊಗೆಗೆ ಕೆಮ್ಮುತ್ತಿದ್ದಳು, ಕೈ ಮಾತ್ರ ಅಲ್ಲೇ. ಅಕ್ಕ ಗಡಿಯಾರ ನೋಡಿ ಕೊನೆಗೆ ಸಾಕು ಎಂದು ಸನ್ನೆ ಮಾಡಿದಳು. ಆಗ ಆ ಎರಡೂ ಕೈಗಳು ಒಟ್ಟಿಗೇ ಮೆಲ್ಲಗೆ ಇಳಿದವು. ಇಂಜಿನ್ ತಗ್ಗಿ ತಗ್ಗಿ, ಒಂದೇ ಸಮನೆ ಗುರುಗುಟ್ಟಿತು. ನಾವೆಲ್ಲ ಕಿವಿಗೊಟ್ಟು ಕೇಳಿದೆವು. ಎಲ್ಲೂ ಒಂದು ಟಕ್ ಇಲ್ಲ. ಅಕ್ಕ ಕೀಲಿ ತಿರುಗಿಸಿ ನಿಲ್ಲಿಸಿದಳು.

ಶೆಡ್ಡಿನಲ್ಲಿ ಸದ್ದೇ ಇರಲಿಲ್ಲ. ಭಾವ ಎಂದಿನಂತೆ ಅಮ್ಮನ ಬಲಗಿವಿಯ ಕಡೆಗೆ ಬಗ್ಗಿದರು.

"ಹೇಳಿ ಅತ್ತೆ."

ಅಮ್ಮ ತನ್ನ ಕಪ್ಪಾದ ಅಂಗೈ ನೋಡಿಕೊಂಡಳು. ಆಮೇಲೆ ಭಾವನ ಮುಖ ನೋಡಿದಳು.

"ನಲ್ಲಿ ಸೋರ್ತಾ ಇದೆ," ಎಂದಳು.

"ಯಾವಾಗಿಂದ?"

"ಅವತ್ತು ಹೇಳಿದ್ನಲ್ಲ. ಅದೇ."

ಭಾವ ಗೋಡೆಯಿಂದ ಸ್ಪ್ಯಾನರ್ ತೆಗೆದುಕೊಂಡರು. ಅಮ್ಮನ ಮೊಣಕೈ ಹಿಡಿದು ಮೆಟ್ಟಿಲ ಕಡೆ ನಡೆದರು. ಅವರು ಅರ್ಧ ಮೆಟ್ಟಿಲು ಹತ್ತಿರಬೇಕು, ಅಕ್ಕ ವ್ಯಾನಿನಿಂದ ಇಳಿದು ಅಂಗಳಕ್ಕೆ ಓಡಿದಳು. ನಿನ್ನ ಭಾವನಿಗೆ ಹೇಳು ಎಂದು ನನ್ನ ಕಡೆ ತಿರುಗುತ್ತಾಳೆಂದು ನಾನು ಕಾದೆ. ಅವಳು ನನ್ನನ್ನು ನೋಡಲೇ ಇಲ್ಲ.

"ರೀ," ಎಂದು ಮೇಲಕ್ಕೆ ಕೂಗಿದಳು, "ವಾಷರ್ ಕಿಟಕಿ ಮೇಲಿನ ಡಬ್ಬಿಲಿದೆ. ತಾಳಿ, ನಾನೇ ಬಂದು ಕೊಡ್ತೀನಿ."